ಫೋಬ್ಜಿಕಾದ ರೈತರ ಮನೆ: ಐದಕ್ಕೆ ನಾಲ್ಕು

ಭೂತಾನ್‌ಗೆ ಹೋದವರು ಸಾಮಾನ್ಯವಾಗಿ ಪಾರೋ, ಥಿಂಪು, ಪುನಾಖಾ ನೋಡ್ಕೊಂಡು ವಾಪಸ್ ಬರ್ತಾರೆ. ನಾವು ಇನ್ನೂ ಮೇಲೆ ಹತ್ತಿ, ಫೋಬ್ಜಿಕಾ ಕಣಿವೆಯಲ್ಲಿ ಗಾಂಗ್ಟೆ ಗೊಂಪಾ ಅನ್ನೋ ಬೌದ್ಧ ಮಠದ ಕೆಳಗೆ ಒಬ್ಬ ರೈತರ ಮನೇಲಿ ಉಳಿದ್ವಿ. ಹೋಮ್‌ಸ್ಟೇ ಅಂದ್ರೆ ಈಜುಕೊಳ, ಡಿಜೆ ಬೇಕು ಅನ್ನೋರು ಸಕಲೇಶಪುರದಲ್ಲೇ ಇರಿ.

ರೂಮು ಸಾದಾ. ಮರದ ಗೋಡೆ, ನೆಲದ ಮೇಲೆ ಹಾಸಿಗೆ, ಹೊದೆಯೋಕೆ ದಪ್ಪ ರಜಾಯಿ. ಕಣಿವೆ ಸುಮಾರು 2,900 ಮೀಟರ್ ಎತ್ತರದಲ್ಲಿದೆ, ನವೆಂಬರ್ ಚಳಿ ಮೂಳೆಗೆ ಇಳಿಯುತ್ತೆ. ಬುಖಾರಿ ಅಂತ ಕರೆಯೋ ಸೌದೆ ಒಲೆ ಅಡುಗೆಮನೇಲಿ ಮಾತ್ರ. ಹಾಗಾಗಿ ಸಂಜೆಯೆಲ್ಲ ಅದರ ಸುತ್ತಲೇ ಕೂತು ಮಾತು. ಆ ಮನೆಯ ಯಜಮಾನರಿಗೆ ಟಿವಿ ನೋಡಿ ಕಲಿತ ಹಿಂದಿ ಚೆನ್ನಾಗಿ ಬರುತ್ತೆ. ಮಗ, ಸೊಸೆ ಇಬ್ಬರೂ ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಊರಲ್ಲಿ ಓದಿದ ಹುಡುಗರು ಉಳಿಯಲ್ಲ ಅನ್ನೋ ಮಾತು ಅಲ್ಲೂ ಅದೇ.

ಊಟಕ್ಕೆ ಕೆಂಪಕ್ಕಿ ಅನ್ನ, ಎಮಾ ದಾತ್ಶಿ. ಮೆಣಸಿನಕಾಯಿಯನ್ನೇ ತರಕಾರಿ ಮಾಡ್ಕೊಂಡು ಚೀಸ್‌ನಲ್ಲಿ ಬೇಯಿಸಿದ್ದು. ನಮ್ಮೆಜಮಾನ್ರು ಎರಡು ತುತ್ತಿಗೇ ಮಜ್ಜಿಗೆ ಕೇಳಿದ್ರು. ನನಗೆ ಹಿಡಿಸಿದ್ದು ಆಲೂಗಡ್ಡೆಯ ಕೇವಾ ದಾತ್ಶಿ. ಗಡ್ಡೆ ಬೆಂದು ಬೆಣ್ಣೆಯಾಗಿತ್ತು, ಆದರೆ ಒಂದು ಹೋಳೂ ಒಡೆದಿರಲಿಲ್ಲ. ಉಪ್ಪು, ಬೆಣ್ಣೆ ಹಾಕಿದ ಸುಜಾ ಚಹಾನ ಟೀ ಅಂದ್ಕೊಂಡು ಕುಡಿಬೇಡಿ, ಸಾರು ಅಂದ್ಕೊಂಡ್ರೆ ಸೊಗಸು.

ನಾವು ಹಾಸನದ ಕಡೆ ಆಲೂಗಡ್ಡೆ ಬೆಳೆಯೋರು, ಮಾತು ಅಲ್ಲಿಗೇ ಹೋಯ್ತು. ನಮಗೆ ಬಿತ್ತನೆ ಗಡ್ಡೆ ಜಲಂಧರ್‌ನಿಂದ ಲಾರೀಲಿ ಬರಬೇಕು, ಅಂಗಮಾರಿ ರೋಗ ಬಿದ್ರೆ ಹಾಕಿದ ದುಡ್ಡೂ ಹುಟ್ಟಲ್ಲ. ಅವರಿಗೆ ಕಾಟ ಕಾಡುಹಂದಿಯದ್ದು, ಬೆಳೆ ನಿಂತಿರೋವಾಗ ರಾತ್ರಿಯೆಲ್ಲ ಕಾವಲು. ಗಡ್ಡೆ ಗಡಿಯ ಫುಂಟ್‌ಶೋಲಿಂಗ್‌ನಲ್ಲಿ ಹರಾಜಾಗಿ ಭಾರತಕ್ಕೇ ಬರುತ್ತೆ. ದೇಶದ ಶೇ. 60ರಷ್ಟು ನೆಲ ಎಂದೆಂದಿಗೂ ಕಾಡಾಗಿರಬೇಕು ಅಂತ ಅವರ ಸಂವಿಧಾನದಲ್ಲೇ ಇದೆ. ‘ಕಾಡಿದ್ರೆ ಹಂದಿಯೂ ಇರುತ್ತೆ’ ಅಂತ ಯಜಮಾನರು ನಕ್ಕರು. ಯಜಮಾನಿ ನಗಲಿಲ್ಲ.

ಕಣಿವೆ ನಡುವಿನ ಜೌಗು ನೆಲಕ್ಕೆ ಅಕ್ಟೋಬರ್ ಕೊನೆಗೆ ಟಿಬೆಟ್ ಕಡೆಯಿಂದ ಕಪ್ಪು ಕೊರಳಿನ ಕ್ರೌಂಚ ಪಕ್ಷಿಗಳು ಬರ್ತವೆ. ಅವು ತಂತಿಗೆ ತಾಗಬಾರದು ಅಂತ ಕಣಿವೆಯಲ್ಲಿ ಕರೆಂಟ್ ಕೇಬಲ್ ನೆಲದಡಿ ಹಾಕಿದ್ದಾರೆ. ಜಲವಿದ್ಯುತ್ ಮಾರಿ ಬದುಕೋ ದೇಶ ಅದು. ಚಳಿಗಾಲದಲ್ಲಿ ಹೊಳೆ ಇಳಿದಾಗ ನಮ್ಮಿಂದಲೇ ಕೊಳ್ಳುತ್ತೆ. ಭಾರತೀಯರು ತಲೆಗೆ, ರಾತ್ರಿಗೆ 1,200 ರೂಪಾಯಿ ಸರ್ಕಾರಿ ಶುಲ್ಕ ಕಟ್ಟಬೇಕು, ಮನೆ ಬಾಡಿಗೆ ಬೇರೆ. ದುಬಾರಿಯೇ. ಆದರೂ ಬೆಳಿಗ್ಗೆ ಅಷ್ಟು ಹಕ್ಕಿ ಮೇಯ್ತಿದ್ದ ಬಯಲಲ್ಲಿ ಒಂದು ಚಿಪ್ಸ್ ಕವರ್ ಕಾಣಲಿಲ್ಲ, ನನಗೆ ಕೊಟ್ಟಿದ್ದಕ್ಕೆ ಬೇಜಾರಿಲ್ಲ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಬುಕ್ ಮಾಡಿಸಿದ ಏಜೆಂಟರಿಗಾಗಿ. ಕಾದ ಕಲ್ಲುಗಳನ್ನ ಮರದ ತೊಟ್ಟಿಗೆ ಬಿಟ್ಟು ಮಾಡಿಸೋ ಸ್ನಾನ ಪ್ಯಾಕೇಜಲ್ಲಿದೆ ಅಂದಿದ್ರು, ಇರಲಿಲ್ಲ. ಕಲ್ಲು ಕಾಯೋಕೆ ಗಂಟೆಗಟ್ಟಲೆ ಬೇಕು, ಬೇಕಾದವರು ಮಧ್ಯಾಹ್ನವೇ ಮನೆಯವರಿಗೆ ಹೇಳಿ, ದುಡ್ಡೂ ಅವರ ಕೈಗೇ ಕೊಡಿ. ನವೆಂಬರ್ 11ಕ್ಕೆ ಗೊಂಪಾದ ಅಂಗಳದಲ್ಲಿ ಕ್ರೌಂಚ ಉತ್ಸವ. ಆ ಸಮಯಕ್ಕೆ ಹೋಗೋದಾದ್ರೆ ರೂಮು ಮೊದಲೇ ಹಿಡಿದಿಡಿ, ಉಪ್ಪಿನಕಾಯಿ ಬೇಡ, ಮೊಸರು ಸಿಗುತ್ತಾ ಕೇಳ್ಕೊಳ್ಳಿ.