ಗಿಟ್ ಎಲ್‌ಎಫ್‌ಎಸ್: ಟೂಲ್ ಗಟ್ಟಿ, ಆಪ್ಷನ್ ಓದೋಕೆ ಮಾತ್ರ ತಾಳ್ಮೆ ಬೇಕು

ಕೋಡ್ ಹಿಸ್ಟರಿ ಇಡೋ ಗಿಟ್‌ಗೆ ದೊಡ್ಡ ಫೈಲ್ ನಿಭಾಯಿಸೋಕೆ ಅಂತ ಇರೋ ಎಕ್ಸ್‌ಟೆನ್ಶನ್ ಗಿಟ್ ಎಲ್‌ಎಫ್‌ಎಸ್ (ಲಾರ್ಜ್ ಫೈಲ್ ಸ್ಟೋರೇಜ್). ಅದರ ಬಗ್ಗೆ ಬರೆಯೋರೆಲ್ಲ ಸ್ಪೀಡು, ಸ್ಟೋರೇಜು ಅಂತಾರೆ, ಅದರ ಮ್ಯಾನ್ ಪೇಜ್ (ಒಂದೊಂದು ಕಮಾಂಡ್‌ನ ಕೈಪಿಡಿ) ಬಗ್ಗೆ ಯಾರೂ ಸೊಲ್ಲೆತ್ತಲ್ಲ. ಡಿಸೈನ್ ಫೈಲು, ವಿಡಿಯೋ ತುಂಬಿರೋ ರೆಪೊಗಳಲ್ಲಿ (ಪ್ರಾಜೆಕ್ಟ್ ಫೈಲು, ಅದರ ಹಿಸ್ಟರಿ ಇರೋ ಜಾಗ) ವರ್ಷಗಳಿಂದ ಇದನ್ನ ಬಳಸ್ತಿದೀನಿ, ನನ್ನ ಪ್ರಕಾರ ತಲೆನೋವು ಕಮ್ಮಿ ಆಗೋದೂ ಜಾಸ್ತಿ ಆಗೋದೂ ಆ ಪೇಜ್‌ಗಳಿಂದಲೇ. ಟೂಲ್‌ಗೆ 5ಕ್ಕೆ 4, ಡಾಕ್ಯುಮೆಂಟೇಶನ್‌ಗೆ 3 ಕೊಡ್ತೀನಿ.

ಹೊಸಬರಿಗೆ ಚಿಕ್ಕದಾಗಿ ಹೇಳೋದಾದ್ರೆ, 2015ರಲ್ಲಿ ಗಿಟ್‌ಹಬ್‌ನೋರು ತಂದಿದ್ದು. ದೊಡ್ಡ ಫೈಲ್ ಬೇರೆ ಕಡೆ ಸ್ಟೋರ್ ಆಗುತ್ತೆ, ರೆಪೊ ಹಿಸ್ಟರಿಯಲ್ಲಿ ಉಳಿಯೋದು ಅದರ ಹ್ಯಾಶು (ಗುರುತಿನ ಕೋಡ್), ಸೈಜು ಇರೋ ಮೂರು ಸಾಲಿನ ಪಾಯಿಂಟರ್ ಅಷ್ಟೇ. ಗಿಟ್‌ಹಬ್ 100 ಎಂಬಿ ದಾಟಿದ ಫೈಲ್ ಪುಶ್ ಮಾಡೋಕೆ (ಸರ್ವರ್‌ಗೆ ಕಳಿಸೋಕೆ) ಬಿಡಲ್ಲ, ಎಷ್ಟೋ ಜನ ಇಲ್ಲಿಗೆ ಬರೋದೇ ಆ ಎರರ್ ನೋಡಿದ್ಮೇಲೆ.

ಪ್ರೂನ್ ಪೇಜ್ ನಿಜಕ್ಕೂ ಚೆನ್ನಾಗಿದೆ. ಲೋಕಲ್ ಡಿಸ್ಕಿಂದ ಹಳೇ ಫೈಲ್ ಅಳಿಸೋ ಕಮಾಂಡ್ ಅದು, ಭಯ ಸಹಜ, ಆದ್ರೆ ಏನೇನು ಅಳಿಸಲ್ಲ ಅಂತ ಬಿಡಿಸಿ ಬರೆದಿದಾರೆ: ಈಗ ಚೆಕೌಟ್ ಆಗಿರೋದು, ಇನ್ನೂ ಪುಶ್ ಆಗದೇ ಇರೋದು, ಇತ್ತೀಚಿನದು. ಇತ್ತೀಚಿನದು ಅಂದ್ರೆ ಎಷ್ಟು ದಿನ ಅನ್ನೋದಕ್ಕೂ ಉತ್ತರ ಇದೆ, ಡಿಫಾಲ್ಟ್ 7 ದಿನ, ಅದರ ಮೇಲೆ ಪ್ರೂನ್‌ಗೆ ಅಂತ ಇನ್ನೂ 3, ಎರಡನ್ನೂ ಕಾನ್ಫಿಗ್‌ನಲ್ಲಿ ಬದಲಾಯಿಸ್ಬೋದು. ಪುಶ್ ಆಗಿದೆಯಾ ಅಂತ ಅದು ಸಾಮಾನ್ಯವಾಗಿ ನೋಡೋದು ಒರಿಜಿನ್ ಅನ್ನೋ ಒಂದೇ ರಿಮೋಟ್‌ನಲ್ಲಿ (ಸರ್ವರ್ ಕಡೆಯ ರೆಪೊ), ಎರಡು ರಿಮೋಟ್ ಇಟ್ಕೊಂಡಿರೋರು ಈ ಭಾಗ ಬಿಡ್ಬೇಡಿ. ಮೊದಲು ಡ್ರೈ-ರನ್ (ಅಳಿಸದೇ ಬರೀ ತೋರ್ಸೋದು) ಜೊತೆ ವರ್ಬೋಸ್ (ವಿವರವಾಗಿ ತೋರ್ಸೋದು), ಆಮೇಲೆ ವೆರಿಫೈ-ರಿಮೋಟ್ (ರಿಮೋಟ್‌ನಲ್ಲಿ ಫೈಲ್ ಇದೆಯಾ ಅಂತ ನೋಡೋದು) ಹಾಕಿ ಓಡಿಸೋದು ನನ್ನ ಪದ್ಧತಿ.

ಮೈಗ್ರೇಟ್ ಪೇಜ್ ಇದಕ್ಕೆ ಉಲ್ಟಾ. ಹಳೇ ಹಿಸ್ಟರಿಯಲ್ಲಿರೋ ದೊಡ್ಡ ಫೈಲ್‌ಗಳನ್ನ ಎಲ್‌ಎಫ್‌ಎಸ್‌ಗೆ ಸಾಗಿಸೋ ಕೆಲಸ, ಕಮಿಟ್‌ಗಳ (ಹಿಸ್ಟರಿಯಲ್ಲಿ ದಾಖಲಾದ ಬದಲಾವಣೆಗಳ) ಹ್ಯಾಶೇ ಬದಲಾಗಿ ಫೋರ್ಸ್ ಪುಶ್ (ರಿಮೋಟ್‌ನ ಹಿಸ್ಟರಿ ಮೇಲೇ ಬರೆಯೋದು) ತನಕ ಹೋಗುತ್ತೆ, ಅಂಥದ್ದರಲ್ಲಿ ಮುಖ್ಯವಾದ ಮಾತು ಎಲ್ಲೋ ಮಧ್ಯದಲ್ಲಿದೆ. ಏನೂ ಹೇಳದಿದ್ರೆ ಅದು ಈಗಿನ ಬ್ರಾಂಚ್ ಮಾತ್ರ ನೋಡುತ್ತೆ, ಅದರಲ್ಲೂ ರಿಮೋಟ್‌ಗೆ ಆಗ್ಲೇ ಹೋಗಿರೋ ಕಮಿಟ್ ಬಿಟ್ಟು. ಹಾಗಾಗಿ ಎಲ್ಲಾ ಪುಶ್ ಆಗಿರೋ ರೆಪೊದಲ್ಲಿ ಮೈಗ್ರೇಟ್ ಇನ್ಫೋ (ಯಾವ ಬಗೆಯ ಫೈಲ್ ಎಷ್ಟು ಜಾಗ ತಿಂದಿದೆ ಅಂತ ತೋರ್ಸೋದು) ಓಡಿಸಿದ್ರೆ ಏನೂ ಸಿಗಲ್ಲ, ಎವ್ರಿಥಿಂಗ್ ಆಪ್ಷನ್ ಕೊಡ್ಬೇಕು. ಅದನ್ನ ಕೊಟ್ರೂ ಇನ್ಫೋ ತೋರ್ಸೋದು ಮೇಲಿನ 5 ಬಗೆಯ ಫೈಲ್ ಮಾತ್ರ, ಜಾಸ್ತಿ ಬೇಕಿದ್ರೆ ಟಾಪ್ ಅನ್ನೋ ಇನ್ನೊಂದು ಆಪ್ಷನ್. ಫೆಚ್, ಪುಶ್, ಎಲ್‌ಎಸ್-ಫೈಲ್ಸ್‌ನಲ್ಲೆಲ್ಲ ಇರೋದು ಆಲ್, ಇಲ್ಲಿ ಯಾಕೆ ಎವ್ರಿಥಿಂಗ್ ಆಯ್ತೋ ದೇವ್ರಿಗೇ ಗೊತ್ತು! ಇಷ್ಟು ಸೈಜ್ ಮೇಲಿರೋದು ಮಾತ್ರ ಅನ್ನೋ ಅಬೌ ಆಪ್ಷನ್ನೂ ಹಾಗೇ, ಇನ್ಫೋದಲ್ಲಿ ಅದು ಬರೀ ಲೆಕ್ಕಕ್ಕೆ ಜರಡಿ, ನಿಜವಾಗಿ ಸಾಗಿಸೋ ಇಂಪೋರ್ಟ್‌ನಲ್ಲಿ ಅದೇ ಯಾವ ಫೈಲ್ ಸಾಗ್ಬೇಕು ಅಂತ ತೀರ್ಮಾನ ಮಾಡುತ್ತೆ, ಅಲ್ಲಿ ಹೆಸರು ನೋಡಿ ಫೈಲ್ ಆರಿಸೋ ಇನ್‌ಕ್ಲೂಡ್, ಎಕ್ಸ್‌ಕ್ಲೂಡ್ ಜೊತೆ ಸೇರ್ಸೋ ಹಾಗಿಲ್ಲ. ಪಿಎಸ್‌ಡಿಗಳಲ್ಲಿ (ಫೋಟೋಶಾಪ್ ಫೈಲ್) 50 ಎಂಬಿ ಮೇಲಿರೋದನ್ನ ಮಾತ್ರ ಸಾಗ್ಸು ಅಂತ ಒಂದೇ ಕಮಾಂಡಲ್ಲಿ ಹೇಳೋಕಾಗಲ್ಲ ಅಂತಾಯ್ತು. ಪೇಜಲ್ಲಿ ಇದು ಒಂದು ಸಾಲಲ್ಲಿದೆ, ದಪ್ಪಕ್ಷರದಲ್ಲಿ ಇರ್ಬೇಕಿತ್ತು.

ಒಳ್ಳೇದು ಇನ್ನೊಂದಿದೆ, ಹೆಲ್ಪ್ ಟೆಕ್ಸ್ಟ್ ಬೈನರಿ (ಪ್ರೋಗ್ರಾಂ ಫೈಲ್) ಒಳಗೇ ಬರುತ್ತೆ. ವಿಂಡೋಸ್‌ನಲ್ಲೂ ಗಿಟ್ ಎಲ್‌ಎಫ್‌ಎಸ್ ಹೆಲ್ಪ್ ಪ್ರೂನ್ ಅಂತ ಹೊಡೆದ್ರೆ ನೆಟ್ ಇಲ್ದೇನೂ ಓದ್ಬೋದು, ನಿಮ್ಮ ವರ್ಷನ್‌ನಲ್ಲಿ ಇರೋ ಆಪ್ಷನ್‌ಗಳೇ ಕಾಣ್ಸುತ್ತೆ. ಸರ್ಚ್ ಮಾಡಿದ್ರೆ ಈಗಲೂ ಎಲ್‌ಎಫ್‌ಎಸ್ ಕ್ಲೋನ್ ಬಳಸಿ ಅನ್ನೋ ಹಳೇ ಸಲಹೆಗಳೇ ಸಿಗೋದು, ಆ ಕಮಾಂಡ್ ಡೆಪ್ರಿಕೇಟ್ ಆಗಿದೆ (ಇನ್ನು ಬಳಸ್ಬೇಡಿ ಅಂತ), ಮಾಮೂಲಿ ಗಿಟ್ ಕ್ಲೋನ್ ಸಾಕು ಅಂತ ಪೇಜಲ್ಲಿ ನೇರವಾಗೇ ಬರೆದಿದೆ.