ಲೇತಿನ ಮುಂದೆ ಕೊಬಾಟ್ ತೋಳು: 14 ತಿಂಗಳ ಬಳಕೆಯ ನಂತರದ ವಿಮರ್ಶೆ

ಸಿಎನ್‌ಸಿ ಲೇತಿಗೆ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹವನ್ನು ತಿರುಗಿಸಿ ಕತ್ತರಿಸುವ ಯಂತ್ರ) ಕಚ್ಚಾ ತುಂಡನ್ನು ಕೊಟ್ಟು ತಯಾರಾದ ಜಾಬನ್ನು, ಅಂದರೆ ಬಿಡಿಭಾಗವನ್ನು, ಹೊರತೆಗೆಯುವ ಕೆಲಸಕ್ಕಾಗಿ ನಮ್ಮ ಮಷಿನ್ ಶಾಪಿನಲ್ಲಿ 10 ಕಿಲೋ ಭಾರ ಎತ್ತಬಲ್ಲ ಕೊಬಾಟ್ (ಜನರ ಜೊತೆಯಲ್ಲೇ ಕೆಲಸ ಮಾಡುವ ಸಹಕಾರಿ ರೋಬಾಟ್) ತೋಳೊಂದನ್ನು ಕೂರಿಸಿ 14 ತಿಂಗಳಾಗಿವೆ. ತೋಳು, ಅದರ ತುದಿಯಲ್ಲಿ ತುಂಡನ್ನು ಹಿಡಿಯುವ ಜೋಡಿ ಗ್ರಿಪ್ಪರ್, 60 ತುಂಡುಗಳನ್ನು ಸಾಲಾಗಿ ಇಡುವ ಟ್ರೇ ಮೇಜು, ಲೇತಿನ ಬಾಗಿಲನ್ನು ತೆರೆದು ಮುಚ್ಚುವ ಗಾಳಿ ಸಿಲಿಂಡರ್, ಜನ ಹತ್ತಿರ ಬಂದರೆ ಗುರುತಿಸುವ ಲೇಸರ್ ಸ್ಕ್ಯಾನರ್, ಇಷ್ಟೂ ಸೇರಿದ ಸಿದ್ಧ ಘಟಕವಾಗಿಯೇ ಇದನ್ನು ಕೊಂಡೆವು. ಜೋಡಿಸಿಕೊಟ್ಟ ಸಂಸ್ಥೆಯ ಹೆಸರನ್ನು ನಾನು ಬರೆಯುವುದಿಲ್ಲ. ಇಲ್ಲಿ ಹೇಳಲಿರುವ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಯಾವ ಘಟಕಕ್ಕೂ ಸಲ್ಲುವಂಥವು.

ಮಾಡುವ ಜಾಬ್ ಯಾವುದೆಂದು ಮೊದಲೇ ಹೇಳದಿದ್ದರೆ ಮುಂದಿನ ಮಾತುಗಳಿಗೆ ಅರ್ಥ ಬರುವುದಿಲ್ಲ. ಅದು ಹೈಡ್ರಾಲಿಕ್ ವಾಲ್ವಿನೊಳಗೆ ಕೂರುವ ಉಕ್ಕಿನ ಸ್ಲೀವ್, ಕೊಳವೆಯಂಥ ಭಾಗ. ಕಚ್ಚಾ ತುಂಡಿನ ವ್ಯಾಸ 48 ಮಿಲಿಮೀಟರ್, ಉದ್ದ 92 ಮಿಲಿಮೀಟರ್. ಒಳರಂಧ್ರ 25 ಮಿಲಿಮೀಟರ್ ಎಚ್7, ಅಂದರೆ ಅಳತೆ 25ಕ್ಕಿಂತ ಕಡಿಮೆಯಾಗುವಂತಿಲ್ಲ, ಹೆಚ್ಚಾದರೆ 21 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಮೀರುವಂತಿಲ್ಲ. ಎರಡು ಸೆಟ್ಟಿಂಗ್‌ಗಳಲ್ಲಿ, ಅಂದರೆ ತುಂಡನ್ನು ಎರಡು ಸಲ ಬೇರೆ ಬೇರೆಯಾಗಿ ಹಿಡಿಸಿ, ಮುಗಿಯುವ ಈ ಕೆಲಸದಲ್ಲಿ ಮೊದಲನೆಯ ಸೆಟ್ಟಿಂಗ್‌ನ ಸೈಕಲ್ ಟೈಮ್ (ಒಂದು ತುಂಡನ್ನು ಕತ್ತರಿಸಲು ಲೇತಿಗೆ ಬೇಕಾದ ಸಮಯ) ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್.

ಕೊಳ್ಳುವ ಮುನ್ನ ನಾವು ಅತಿ ಹೆಚ್ಚು ಚರ್ಚಿಸಿದ್ದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವ ಪುನರಾವರ್ತನೆಯ ನಿಖರತೆಯನ್ನು, ಅಂದರೆ ತೋಳು ಅದೇ ಬಿಂದುವಿಗೆ ಮತ್ತೆ ಮತ್ತೆ ಮರಳುವಾಗ ಎಷ್ಟು ಅತ್ತಿತ್ತ ಆಗುತ್ತದೆ ಎಂಬುದನ್ನು. ಈ ವರ್ಗದ ತೋಳುಗಳ ಅಂಕಿಗಳು ಒಂದಕ್ಕೊಂದು ಬಹಳ ಹತ್ತಿರದಲ್ಲಿವೆ: ಯೂನಿವರ್ಸಲ್ ರೋಬಾಟ್ಸ್‌ನ ಯುಆರ್10ಇ ತೋಳಿಗೆ 0.05 ಮಿಲಿಮೀಟರ್, ಫಾನುಕ್‌ನ ಸಿಆರ್‌ಎಕ್ಸ್-10ಐಎಗೆ 0.04 ಮಿಲಿಮೀಟರ್. ನಲವತ್ತು, ಐವತ್ತು ಮೈಕ್ರಾನ್ ಅತ್ತಿತ್ತ ಹೋಗುವ ತೋಳು 21 ಮೈಕ್ರಾನ್ ಮಿತಿಯ ಕೆಲಸಕ್ಕೆ ಹೇಗೆ ಒದಗೀತು ಎಂಬ ಸಂದೇಹ ಆಗ ನಮ್ಮಲ್ಲಿ ಎಲ್ಲರಿಗೂ ಇತ್ತು. ಅದು ತಪ್ಪು ಸಂದೇಹವೆಂದು ಈಗ ಖಚಿತವಾಗಿ ಹೇಳಬಲ್ಲೆ. ತೋಳು ತುಂಡನ್ನು ಚಕ್ಕಿನ (ಲೇತಿನಲ್ಲಿ ತುಂಡನ್ನು ಹಿಡಿದು ತಿರುಗುವ ಭಾಗದ) ಬಾಯಿಯವರೆಗೆ ಒಯ್ಯುತ್ತದೆ; ಅಲ್ಲಿಂದ ಮುಂದೆ ತುಂಡಿನ ಸ್ಥಾನವನ್ನು ತೀರ್ಮಾನಿಸುವವು ಚಕ್ಕಿನ ಜಾಗಳು (ಹಿಡಿಯುವ ದವಡೆಗಳು) ಮತ್ತು ಅದರೊಳಗಿನ ಸ್ಟಾಪ್ (ತುಂಡು ಆನಿಕೊಳ್ಳುವ ತಡೆ). ತೋಳು ಗೊತ್ತುಪಡಿಸಿದ ಬಲದಿಂದ ತುಂಡನ್ನು ಸ್ಟಾಪಿಗೆ ಒತ್ತಿ ಹಿಡಿದು, ಜಾಗಳು ಮುಚ್ಚುವಾಗ ತಾನು ಸ್ವಲ್ಪ ಸಡಿಲಗೊಂಡು ದಾರಿ ಬಿಟ್ಟರೆ ಸಾಕು. ಹಾಗೆ ಸಡಿಲಗೊಳ್ಳದೆ ಬಿಗಿಯಾಗಿ ನಿಂತರೆ ತೋಳಿನ ತಪ್ಪು ಜಾಬಿಗೆ ದಾಟುತ್ತದೆ. ಆದ್ದರಿಂದ ಗ್ರಿಪ್ಪರ್ ಮತ್ತು ತೋಳಿನ ನಡುವೆ ಸ್ಪ್ರಿಂಗ್ ಇರುವ ಒತ್ತುಫಲಕ ಇದೆಯೇ, ಬಲವನ್ನು ಅಳೆದು ಒತ್ತುವ ಸೌಲಭ್ಯ ಇದೆಯೇ ಎಂದು ಕೇಳುವುದು ಆ ನಲವತ್ತು, ಐವತ್ತು ಮೈಕ್ರಾನ್‌ಗಳ ಲೆಕ್ಕಕ್ಕಿಂತ ಹೆಚ್ಚು ಉಪಯುಕ್ತ.

ಭಾರದ ಅಂಕಿಯನ್ನೂ ಎಚ್ಚರದಿಂದ ಓದಬೇಕು. ಹತ್ತು ಕಿಲೋ ಎಂದರೆ ಗ್ರಿಪ್ಪರಿನ ತೂಕವೂ ಸೇರಿ ಹತ್ತು ಕಿಲೋ. ನಮ್ಮ ಕಚ್ಚಾ ತುಂಡು ಸುಮಾರು 1.3 ಕಿಲೋ, ತಯಾರಾದ ಜಾಬನ್ನು ಒಂದು ಗ್ರಿಪ್ಪರ್ ಹೊರತೆಗೆದ ಕ್ಷಣದಲ್ಲಿ ಇನ್ನೊಂದರಲ್ಲಿ ಕಚ್ಚಾ ತುಂಡು ಇರುವುದರಿಂದ ಎರಡೂ ಸೇರಿ ಎರಡು ಕಿಲೋ ದಾಟುತ್ತವೆ, ಜೋಡಿ ಗ್ರಿಪ್ಪರ್ ಮತ್ತು ಅದರ ಕವಾಟಗಳು ಇನ್ನೂ ಮೂರು ಕಿಲೋ. ನಮಗೆ ಅರ್ಧದಷ್ಟು ಸಾಮರ್ಥ್ಯ ಉಳಿಯಿತು. ಇದೇ ತೋಳಿನಿಂದ ಐದು ಕಿಲೋ ತುಂಡುಗಳನ್ನು ಜೋಡಿಯಾಗಿ ಎತ್ತಿಸಬಹುದೆಂದು ಎಣಿಸಿದವರಿಗೆ ನಿರಾಶೆಯಾಗುತ್ತದೆ.

ಇನ್ನು ಈ ಘಟಕದ ಮುಖ್ಯ ಪರೀಕ್ಷೆಗೆ ಬರುತ್ತೇನೆ. ಲೇತಿನ ಮುಂದೆ ನಿಂತ ಆಪರೇಟರ್ ಒಬ್ಬರು ಒಂದು ಜಾಬ್ ತೆಗೆದು ಮತ್ತೊಂದನ್ನು ಹಾಕುವ ಇಪ್ಪತ್ತು ಸೆಕೆಂಡುಗಳಲ್ಲಿ ಏನೇನು ಮಾಡುತ್ತಾರೆ ಎಂಬುದನ್ನು ನಮ್ಮ ಪ್ರೋಸೆಸ್ ಶೀಟಿನಲ್ಲಿ ಎಂದೂ ಬರೆದಿರಲಿಲ್ಲ. ಅವರು ಜಾ ಮೇಲೆ ಬೆರಳಾಡಿಸಿ ಅಂಟಿದ ಚೂರನ್ನು ಒರೆಸುತ್ತಾರೆ, ಅಂಚಿನಲ್ಲಿ ಉಳಿದ ಲೋಹದ ಮುಳ್ಳನ್ನು (ಬರ್) ಉಗುರಿನಿಂದ ಮುಟ್ಟಿ ನೋಡುತ್ತಾರೆ, ಟೂಲುಗಳನ್ನು ಹಿಡಿದಿರುವ ಟರೆಟ್ಟಿಗೆ ಸುತ್ತಿಕೊಂಡ ಉದ್ದನೆಯ ಸುರುಳಿ ಚಿಪ್ಪನ್ನು (ಕತ್ತರಿಸುವಾಗ ಏಳುವ ಲೋಹದ ಸಿಪ್ಪೆಯನ್ನು) ಕೊಕ್ಕೆಯಿಂದ ಎಳೆದು ಹಾಕುತ್ತಾರೆ, ಟೂಲಿನ ಬಿಡಿ ಅಲಗಾದ ಇನ್ಸರ್ಟಿನ ತುದಿಯ ಮೇಲೆ ಕಣ್ಣು ಹಾಯಿಸುತ್ತಾರೆ. ಇವೆಲ್ಲ ಅವರಿಗೆ ಕೆಲಸವೆಂದು ತೋರುವುದೇ ಇಲ್ಲ, ಕೇಳಿದರೆ ನೆನಪಿಸಿಕೊಂಡು ಹೇಳಬೇಕಾಗುತ್ತದೆ. ಕೊಬಾಟ್ ಬಂದ ದಿನದಿಂದ ಇವೆಲ್ಲವೂ ನಿಂತವು.

ಅದರ ಫಲ ಮೂರನೆಯ ವಾರದಲ್ಲಿ ಕಂಡಿತು. ಎರಡನೆಯ ಸೆಟ್ಟಿಂಗ್‌ನಲ್ಲಿ, ಮೊದಲು ತಿರುವಿದ ಮುಖವನ್ನು ಸ್ಟಾಪಿಗೆ ಆನಿಸಿ ಇನ್ನೊಂದು ಮುಖವನ್ನು ಕತ್ತರಿಸುವಾಗ, ಸ್ಟಾಪಿನ ಮೇಲೆ ಒಂದು ಸಣ್ಣ ಚಿಪ್ ಅಂಟಿಕೊಂಡಿತು. ತುಂಡು ಅಷ್ಟು ಮುಂದಕ್ಕೆ ಕುಳಿತಿತು, ಟೂಲ್ ಮಾತ್ರ ಎಂದಿನ ಜಾಗದಲ್ಲಿಯೇ ಕತ್ತರಿಸಿತು. ಪರಿಣಾಮವಾಗಿ ಜಾಬಿನ ಉದ್ದ ಕಡಿಮೆಯಾಯಿತು, ಎರಡು ಮುಖಗಳ ಸಮಾಂತರತೆಯೂ ಕೆಟ್ಟಿತು. ಮನುಷ್ಯರಾಗಿದ್ದರೆ ಒಂದು ಜಾಬ್ ಹಾಳಾಗುತ್ತಿತ್ತು. ಕೊಬಾಟ್ ಅದೇ ಚಿಪ್ಪಿನ ಮೇಲೆ ಒಂದರ ಹಿಂದೆ ಒಂದರಂತೆ 19 ತುಂಡುಗಳನ್ನು ಕೂರಿಸಿತು, ಬೆಳಗಿನ ಪಾಳಿಯವರು ಅಳತೆ ಮಾಡುವವರೆಗೂ ನಿಲ್ಲಲಿಲ್ಲ. ಅದನ್ನು ನೋಡಿದ ನಮ್ಮ ಹಿರಿಯ ಆಪರೇಟರ್ ಒಬ್ಬರು, "ಸರ್, ಇದಕ್ಕೆ ನಾವು ಕೈ ಮಾತ್ರ ಕೊಟ್ಟಿದ್ದೇವೆ, ಬೆರಳಿಗೆ ಸ್ಪರ್ಶ ಕೊಟ್ಟಿಲ್ಲ" ಎಂದರು. ಆ ಮಾತಿನ ನಂತರವೇ ನಾವು ಸರಿಯಾದ ದಿಕ್ಕಿನಲ್ಲಿ ಯೋಚಿಸತೊಡಗಿದೆವು.

ಪರಿಹಾರವಾಗಿ ಸ್ಟಾಪಿನ ಮುಖದಲ್ಲಿ ಸಣ್ಣ ರಂಧ್ರ ಕೊರೆದು ಅದರ ಮೂಲಕ ಒತ್ತಡದ ಗಾಳಿ ಹಾಯಿಸಿದೆವು. ತುಂಡು ಸರಿಯಾಗಿ ಕುಳಿತರೆ ರಂಧ್ರ ಮುಚ್ಚಿ ಗಾಳಿಯ ಒತ್ತಡ ಏರುತ್ತದೆ. ನಡುವೆ ಚಿಪ್ ಇದ್ದರೆ ಗಾಳಿ ಸೋರಿ ಒತ್ತಡ ಏರುವುದಿಲ್ಲ, ಆಗ ಚಕ್ಕನ್ನು ತಿರುಗಿಸುವ ಸ್ಪಿಂಡಲ್ ತಿರುಗಲು ಅನುಮತಿ ಸಿಗುವುದಿಲ್ಲ. ಕೆಲವು ನೂರನೇ ಮಿಲಿಮೀಟರಿನಷ್ಟು ಸಂದನ್ನೂ ಇದು ಗುರುತಿಸುತ್ತದೆ. ಇದರ ಜೊತೆಗೆ ಗ್ರಿಪ್ಪರಿನ ಪಕ್ಕದಲ್ಲಿ ಊದುನಳಿಗೆಯೊಂದನ್ನು ಜೋಡಿಸಿ, ತುಂಡು ಹಾಕುವ ಮುನ್ನ ಜಾಗಳನ್ನೂ ಸ್ಟಾಪನ್ನೂ ಊದುವಂತೆ ಮಾಡಿದೆವು. ಇವೆರಡೂ ಹೊಸ ತಂತ್ರಜ್ಞಾನಗಳಲ್ಲ, ಮಾರುವವರಿಗೆ ಚೆನ್ನಾಗಿ ಗೊತ್ತಿರುವಂಥವು. ಆದರೂ ನಮಗೆ ಕೊಟ್ಟ ಮೂಲ ಘಟಕದಲ್ಲಿ ಇವು ಇರಲಿಲ್ಲ, ಇರಬೇಕೆಂದು ಯಾರೂ ನಮಗೆ ಹೇಳಲೂ ಇಲ್ಲ. ಇಡೀ ಖರೀದಿಯಲ್ಲಿ ನನಗೆ ಅತ್ಯಂತ ಬೇಸರ ತಂದ ಸಂಗತಿ ಇದು.

ಚಿಪ್ಪಿನ ಕಾಟ ಪೂರ್ತಿ ತಗ್ಗಿದ್ದು ಕತ್ತರಿಸುವ ವಿಧಾನವನ್ನೇ ಬದಲಿಸಿದಾಗ. ಚಿಪ್ಪನ್ನು ತುಂಡರಿಸುವ ಬೇರೆ ವಿನ್ಯಾಸದ ಇನ್ಸರ್ಟ್ ತಂದು, ಫೀಡನ್ನು (ಟೂಲ್ ಮುಂದೆ ಸರಿಯುವ ದರವನ್ನು) ಸ್ವಲ್ಪ ಏರಿಸಿ, ತಣಿಸುವ ದ್ರವವಾದ ಕೂಲೆಂಟಿನ ಧಾರೆಯನ್ನು ನೇರವಾಗಿ ಕತ್ತರಿಸುವ ಅಂಚಿಗೆ ತಿರುಗಿಸಿದ ಮೇಲೆ ಸುರುಳಿ ಹೋಗಿ ಚಿಕ್ಕ ಚಿಕ್ಕ ತುಣುಕುಗಳು ಬರತೊಡಗಿದವು. ಕೈಯಲ್ಲಿ ಜಾಬ್ ಹಾಕುತ್ತಿದ್ದ ಕಾಲದಲ್ಲಿ ಈ ಬದಲಾವಣೆಯನ್ನು ನಾವು ವರ್ಷಗಟ್ಟಲೆ ಮುಂದೂಡಿದ್ದೆವು, ಏಕೆಂದರೆ ಕೊಕ್ಕೆ ಹಿಡಿದ ಕೈ ಯಾವಾಗಲೂ ಅಲ್ಲಿತ್ತು.

ವೇಗದ ವಿಷಯದಲ್ಲಿ ಕೊಬಾಟ್ ನಮ್ಮ ಆಪರೇಟರುಗಳಿಗಿಂತ ಮುಂದೇನೂ ಇಲ್ಲ. ಬಾಗಿಲು ತೆರೆಯುವುದು, ಊದುವುದು, ಅದಲುಬದಲು ಮಾಡುವುದು, ಮುಚ್ಚುವುದು ಎಲ್ಲ ಸೇರಿ ಇಪ್ಪತ್ತು ಸೆಕೆಂಡ್ ಬೇಕು. ನುರಿತ ಕೈಗೂ ಅಷ್ಟೇ ಸಾಕು. ಒಂದೇ ಗ್ರಿಪ್ಪರ್ ಇದ್ದಿದ್ದರೆ ಟ್ರೇಗೆ ಎರಡು ಸಲ ಹೋಗಿಬರಬೇಕಾಗಿ ಇನ್ನೂ ನಿಧಾನವಾಗುತ್ತಿತ್ತು, ಹಾಗಾಗಿ ಜೋಡಿ ಗ್ರಿಪ್ಪರಿಗೆ ಕೊಟ್ಟ ಹೆಚ್ಚಿನ ಹಣ ಸಾರ್ಥಕ. ಲಾಭ ಬರುವುದು ಕಾಯುವಿಕೆ ಇಲ್ಲವಾಗುವುದರಿಂದ. ಸೈಕಲ್ ಮುಗಿಸಿದ ಲೇತ್, ಆಪರೇಟರ್ ಪಕ್ಕದ ಯಂತ್ರದಲ್ಲಿ ಆಫ್‌ಸೆಟ್ (ಟೂಲಿನ ಸ್ಥಾನದ ಅಂಕಿ) ತಿದ್ದುತ್ತಿರುವಷ್ಟು ಹೊತ್ತು ಸುಮ್ಮನೆ ನಿಂತಿರುತ್ತಿತ್ತು. ಅಂಥ ಹೊತ್ತುಗಳನ್ನು ಕೂಡಿಸಿ ನೋಡಿದವರಿಗೆ ಮಾತ್ರ ಅವು ಎಷ್ಟೆಂದು ತಿಳಿಯುತ್ತದೆ. ಈಗ ಒಂದು ಟ್ರೇ ತುಂಬಿಟ್ಟರೆ ನಾಲ್ಕು ಗಂಟೆ ನಲವತ್ತು ನಿಮಿಷ ಯಾರೂ ಅದರ ಬಳಿ ನಿಲ್ಲಬೇಕಾಗಿಲ್ಲ.

ಇದರಿಂದ ನಾವು ನಿರೀಕ್ಷಿಸದ ಇನ್ನೊಂದು ಉಪಕಾರವೂ ಆಯಿತು, ನನ್ನ ಮಟ್ಟಿಗೆ ಅದೇ ಈ ಘಟಕದ ಅತ್ಯುತ್ತಮ ಗುಣ. ಲೇತ್ ಓಡುತ್ತಿದ್ದಂತೆ ಸ್ಪಿಂಡಲ್ ಮತ್ತು ಅದನ್ನು ಹೊತ್ತ ಹೆಡ್‌ಸ್ಟಾಕ್ ಬಿಸಿಯಾಗಿ ಹಿಗ್ಗುತ್ತವೆ, ನಿಂತಾಗ ತಣಿದು ಕುಗ್ಗುತ್ತವೆ. ಮೊದಲು ಪ್ರತಿ ಬಿಡುವಿನ ನಂತರದ ಮೂರು ನಾಲ್ಕು ಜಾಬುಗಳಲ್ಲಿ ರಂಧ್ರದ ಅಳತೆ ಸರಿದು, ಆಪರೇಟರ್ ಆಫ್‌ಸೆಟ್ ತಿದ್ದಿ, ಯಂತ್ರ ಬಿಸಿಯಾದ ಮೇಲೆ ಮತ್ತೆ ಹಿಂದಕ್ಕೆ ತಿದ್ದಬೇಕಾಗುತ್ತಿತ್ತು. ಕೊಬಾಟ್ ಒಂದೇ ಲಯದಲ್ಲಿ ಕೆಲಸ ಮಾಡುವುದರಿಂದ ಯಂತ್ರವು ಒಂದು ಉಷ್ಣಸ್ಥಿತಿಗೆ ಬಂದು ಅಲ್ಲಿಯೇ ನಿಲ್ಲುತ್ತದೆ, ರಂಧ್ರದ ಅಳತೆಗಳೂ ಒತ್ತಾಗಿ ಕೂಡಿಕೊಂಡಿವೆ. ತೋಳಿನ ನಿಖರತೆಯ ಬಗ್ಗೆ ಅಷ್ಟೊಂದು ಚಿಂತಿಸಿದ ನಮಗೆ ಮೈಕ್ರಾನ್‌ಗಳು ಉಳಿದದ್ದು ಅದರ ನಿರಂತರತೆಯಿಂದ.

ಅಳತೆಯನ್ನೂ ಸ್ವಯಂಚಾಲಿತಗೊಳಿಸುವವರು ಉಷ್ಣತೆಯನ್ನು ಮರೆಯಬಾರದು. ಅಳತೆಯ ಅಂತರರಾಷ್ಟ್ರೀಯ ಆಧಾರ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಹತ್ತು ಡಿಗ್ರಿ ಬಿಸಿಯಾಗಿರುವ ಉಕ್ಕಿನ ಜಾಬಿನಲ್ಲಿ 25 ಮಿಲಿಮೀಟರ್ ರಂಧ್ರ ಸುಮಾರು ಮೂರು ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ನಮ್ಮ ಮಿತಿಯಲ್ಲಿ ಅದು ಏಳನೇ ಒಂದು ಪಾಲು. ಆದ್ದರಿಂದ ಜಾಬುಗಳನ್ನು ಗೇಜಿಗೆ ಕೊಡುವ ಮುನ್ನ ತಣಿಯಲು ಒಂದು ಸಾಲಿನಲ್ಲಿ ಇಟ್ಟು ಕಾಯುತ್ತೇವೆ.

ಟೂಲ್ ಸವೆತ ಇನ್ನೂ ಪೂರ್ತಿ ಬಗೆಹರಿದಿಲ್ಲ. ಕೊನೆಯ ಹಗುರ ಕತ್ತರಿಕೆಗೆ ಬಳಸುವ ನಮ್ಮ ಫಿನಿಶಿಂಗ್ ಇನ್ಸರ್ಟಿನ ಒಂದು ಅಂಚು ನಲವತ್ತು ಜಾಬುಗಳಿಗೆ ಮುಗಿಯುತ್ತದೆ, ಟ್ರೇಯಲ್ಲಿ ಇರುವುದು ಅರವತ್ತು. ಹಾಗಾಗಿ ಟರೆಟ್ಟಿನಲ್ಲಿ ಅದೇ ಟೂಲನ್ನು ಎರಡು ಕಡೆ ಕೂರಿಸಿ, ಎಣಿಕೆ ಮುಗಿದೊಡನೆ ಎರಡನೆಯದಕ್ಕೆ ದಾಟುವಂತೆ ಪ್ರೋಗ್ರಾಂ ಬರೆದೆವು. ಎಣಿಕೆಗೆ ಮೊದಲೇ ಅಂಚು ಮುರಿದರೆ ಅನುಭವಸ್ಥರು ಸದ್ದಿನಿಂದಲೇ ತಿಳಿಯುತ್ತಾರೆ. ಈ ಘಟಕಕ್ಕೆ ಸ್ಪಿಂಡಲ್ಲಿನ ಲೋಡ್ ಗಮನಿಸುವ ಏರ್ಪಾಡು ಇದ್ದರೂ ಫಿನಿಶಿಂಗ್‌ನಂಥ ಹಗುರ ಕತ್ತರಿಕೆಯಲ್ಲಿ ಅದು ವ್ಯತ್ಯಾಸ ಹಿಡಿಯುವಷ್ಟು ಸೂಕ್ಷ್ಮವಲ್ಲ.

ಕೊಬಾಟ್ ಎಂದರೆ ಬೇಲಿ ಬೇಡ ಎಂದು ಮಾರುವವರು ಹೇಳುವುದನ್ನು ಅರ್ಧವಷ್ಟೇ ಒಪ್ಪಬೇಕು. ಸಹಕಾರಿ ರೋಬಾಟ್‌ಗಳ ಬಗ್ಗೆ 2016ರಲ್ಲಿ ಬಂದ ಐಎಸ್‌ಒ ಟಿಎಸ್ 15066 ಮಾರ್ಗಸೂಚಿಯೂ, 2025ರಲ್ಲಿ ಪರಿಷ್ಕೃತವಾದ ಐಎಸ್‌ಒ 10218 ಮಾನಕವೂ ಇಡೀ ಬಳಕೆಯ ಸುರಕ್ಷತೆಯನ್ನು ನೋಡುತ್ತವೆ, ಬರೀ ತೋಳನ್ನಲ್ಲ. ತೋಳು ತಾಗಿದರೆ ನಿಲ್ಲಬಹುದು, ಆದರೆ ಗ್ರಿಪ್ಪರಿನಲ್ಲಿರುವ ಜಾಬಿನ ಅಂಚು ಆಗಷ್ಟೇ ಕತ್ತರಿಸಿದ ಹರಿತವಾದ ಉಕ್ಕು. ಮುಖದ ಮಟ್ಟದಲ್ಲಿ ಅದು ಚಲಿಸುತ್ತಿದ್ದರೆ ತೋಳಿನ ಮೃದುತ್ವದಿಂದ ಏನೂ ಪ್ರಯೋಜನವಿಲ್ಲ. ನಾವು ಸ್ಕ್ಯಾನರ್ ಇಟ್ಟಿರುವುದರಿಂದ ಹತ್ತಿರ ಯಾರೂ ಇಲ್ಲದಾಗ ತೋಳು ಪೂರ್ಣ ವೇಗದಲ್ಲಿ ಚಲಿಸುತ್ತದೆ, ಜನ ಸಮೀಪಿಸಿದರೆ ನಿಧಾನವಾಗುತ್ತದೆ, ಇನ್ನೂ ಹತ್ತಿರವಾದರೆ ನಿಲ್ಲುತ್ತದೆ. ಈ ಭಾಗದ ಜೋಡಣೆ ಅಚ್ಚುಕಟ್ಟಾಗಿದೆ, 14 ತಿಂಗಳಲ್ಲಿ ಒಮ್ಮೆಯೂ ತೊಂದರೆ ಕೊಟ್ಟಿಲ್ಲ.

ಕೂಲೆಂಟಿನ ತುಂತುರು ಹಾರುವ ಜಾಗದಲ್ಲಿ ದೂಳು, ನೀರಿನಿಂದ ತೋಳಿಗಿರುವ ರಕ್ಷಣಾ ದರ್ಜೆಯನ್ನೂ (ಐಪಿ) ನೋಡಬೇಕು. ಐಪಿ54 ದರ್ಜೆಯ ತೋಳು ಸಿಡಿಯುವ ಹನಿಗಳನ್ನು ತಡೆಯುತ್ತದೆ, ಐಪಿ67 ದರ್ಜೆಯದಕ್ಕೆ ದೂಳಿನ ಭಯವೂ ಇಲ್ಲ, ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿದರೂ ಆತಂಕವಿಲ್ಲ. ನಮ್ಮದು ಮೊದಲ ದರ್ಜೆಯದು; ಬಟ್ಟೆಯ ಹೊದಿಕೆ ಹಾಕಿ ನಿಭಾಯಿಸುತ್ತಿದ್ದೇವೆ.

ಪ್ರೋಗ್ರಾಂ ಮಾಡುವುದು ನಿಜವಾಗಿಯೂ ಸುಲಭ. ತೋಳನ್ನು ಕೈಯಿಂದ ಹಿಡಿದು ನಡೆಸಿ ಬಿಂದುಗಳನ್ನು ದಾಖಲಿಸುವ ವಿಧಾನವನ್ನು ನಮ್ಮ ಆಪರೇಟರುಗಳು ಎರಡು ದಿನಗಳಲ್ಲಿ ಕಲಿತರು. ಆದರೆ ಬಾಗಿಲು, ಚಕ್ ಮತ್ತು ಸೈಕಲ್ ಸ್ಟಾರ್ಟ್ ಸಂಕೇತಗಳನ್ನು ಹೊಂದಿಸುವ ಭಾಗಕ್ಕೆ ಜೋಡಿಸಿಕೊಟ್ಟವರು ಪಾಸ್‌ವರ್ಡ್ ಹಾಕಿ ಹೋಗಿದ್ದರು. ಗಾಳಿ ಒತ್ತಡದ ಸ್ವಿಚ್ಚನ್ನು ಸೇರಿಸಲು ಹೊರಟಾಗ ಅದನ್ನು ತೆರೆಸಿಕೊಳ್ಳಲು ಐದು ವಾರ ಪತ್ರವ್ಯವಹಾರ ನಡೆಸಬೇಕಾಯಿತು. ನಮ್ಮ ಯಂತ್ರದ ಮುಂದೆ ನಾವೇ ಅನುಮತಿ ಕೇಳಿ ನಿಲ್ಲುವ ಸ್ಥಿತಿಯನ್ನು ಯಾವ ಗ್ರಾಹಕರೂ ಒಪ್ಪಬಾರದು.

ಜನರ ವಿಷಯವಾಗಿ ಒಂದು ಮಾತು. ಮೊದಲ ಔದ್ಯೋಗಿಕ ರೋಬಾಟ್ ಯೂನಿಮೇಟ್ 1961ರಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಮಾಡಿದ್ದೂ ಇದೇ ಬಗೆಯ ಕೆಲಸ, ಡೈಕಾಸ್ಟಿಂಗ್ ಯಂತ್ರದಿಂದ ಸುಡುವ ಎರಕಗಳನ್ನು ಹೊರತೆಗೆಯುವುದು. ಅಲ್ಲಿ ಅದು ಮನುಷ್ಯರನ್ನು ಅಪಾಯದಿಂದ ಬಿಡಿಸಿತು. ನಮ್ಮಲ್ಲಿ ಬಿಡಿಸಿದ್ದು ಪಾಳಿಯೊಂದಕ್ಕೆ ನೂರು ಸಲ ಬಾಗಿ ಏಳುವ ದಣಿವಿನಿಂದ. ಸ್ಪರ್ಶದ ಮಾತನ್ನಾಡಿದ ಆ ಹಿರಿಯ ಆಪರೇಟರ್ ಈಗ ಮೂರು ಯಂತ್ರಗಳ ಸೆಟ್ಟಿಂಗ್ ಮತ್ತು ಅಳತೆ ನೋಡಿಕೊಳ್ಳುತ್ತಾರೆ; ಕೊಬಾಟಿಗೆ ಏನೇನು ಪರೀಕ್ಷೆ ಬೇಕೆಂಬ ಪಟ್ಟಿಯನ್ನು ಬರೆದವರೂ ಅವರೇ. ಅವರಿಲ್ಲದೆ ಈ ಘಟಕ ಮೂರನೆಯ ವಾರದಲ್ಲಿಯೇ ಮೂಲೆ ಸೇರುತ್ತಿತ್ತು.

ಒಂದೇ ಜಾತಿಯ ಜಾಬ್‌ಗಳು ಇನ್ನೂರರ ಮೇಲಿನ ಬ್ಯಾಚುಗಳಲ್ಲಿ ಬರುವ, ಸೈಕಲ್ ಟೈಮ್ ಮೂರು ನಿಮಿಷ ದಾಟುವ ಶಾಪ್‌ಗಳಿಗೆ ಇದನ್ನು ಮನಃಪೂರ್ವಕ ಶಿಫಾರಸು ಮಾಡುತ್ತೇನೆ. ಹತ್ತು, ಹನ್ನೆರಡು ಜಾಬುಗಳಿಗೊಮ್ಮೆ ಡ್ರಾಯಿಂಗ್ ಬದಲಾಗುವ ಕಡೆ ಗ್ರಿಪ್ಪರಿನ ಬೆರಳು, ಜಾ, ಟ್ರೇ ಎಲ್ಲವನ್ನೂ ಬದಲಿಸುವುದರಲ್ಲಿಯೇ ಪಾಳಿ ಮುಗಿದೀತು. ನಮ್ಮ ಮಿಲ್ಲಿಂಗ್ ವಿಭಾಗ ಅಂಥದ್ದು, ಅಲ್ಲಿ ಕೈಯೇ ಮುಂದುವರಿಯುತ್ತದೆ. ಎರಡನೆಯ ಲೇತಿಗೆ ಇನ್ನೊಂದು ಘಟಕವನ್ನು ಕೇಳಿದ್ದೇವೆ. ಈ ಸಲದ ಆರ್ಡರಿನಲ್ಲಿ ಸ್ಟಾಪಿನ ಗಾಳಿ ಪರೀಕ್ಷೆ, ಊದುನಳಿಗೆ, ಪಾಸ್‌ವರ್ಡ್ ಇಲ್ಲದ ಪ್ರೋಗ್ರಾಂ ಮತ್ತು ಎರಡು ಜೊತೆ ಬಿಡಿ ಬೆರಳುಗಳನ್ನು ಹೆಸರಿಸಿ ಬರೆದಿದ್ದೇವೆ. ಒಪ್ಪಿಗೆಯ ಪರೀಕ್ಷೆಯನ್ನು ತೊಳೆದು ಒರೆಸಿದ ಮಾದರಿ ತುಂಡಿನ ಮೇಲೆ ಮಾಡದೆ, ಕೂಲೆಂಟ್ ಮತ್ತು ಚಿಪ್ ಮೆತ್ತಿಕೊಂಡ ನಮ್ಮದೇ ಜಾಬ್‌ಗಳಿಂದ ಒಂದು ಪೂರ್ತಿ ಟ್ರೇ ಓಡಿಸಿ ಮಾಡಬೇಕೆಂದೂ ಸೇರಿಸಿದ್ದೇವೆ.