ಎಟಿವಿಗೆ ಮೆತ್ತಿದ ಎರೆ ಮಣ್ಣು: ಪ್ರೆಷರ್ ಗನ್ನೋ, ಕೊಡದ ನೀರೋ?

ಅಣ್ಣಿಗೇರಿ ಹತ್ತಿರ ನಮ್ಮದು ಎರೆ ಹೊಲ, ಅಂದರೆ ಅಂಟುವ ಕಪ್ಪು ಮಣ್ಣಿನದು. ಮಳೆಯಾದ ಮಾರನೇ ದಿನ ಎಟಿವಿ (ಕೆಸರಲ್ಲೂ ಓಡುವ ನಾಲ್ಕು ಗಾಲಿಯ ಬೈಕು) ತಗೊಂಡು ಹೆಸರು ಬೆಳೆ ನೋಡಿ ಬಂದರೆ ಸಾಕು, ಮಡ್‌ಗಾರ್ಡ್ ಒಳಗೆಲ್ಲ ಮಣ್ಣು ನಾದಿದ ರೊಟ್ಟಿ ಹಿಟ್ಟಿನಂತೆ ಮೆತ್ತಿರುತ್ತದೆ. ಎರಡು ಮಳೆಗಾಲ ಎರಡು ರೀತಿ ತೊಳೆದು ನೋಡಿದೆ.

ಮೊದಲ ವರ್ಷ ಪ್ರೆಷರ್ ಗನ್. ಹತ್ತು ನಿಮಿಷದಲ್ಲಿ ಗಾಡಿ ಫಳಫಳ. ದೀಪಾವಳಿ ಹೊತ್ತಿಗೆ ಹಿಂದಿನ ಗಾಲಿಯಲ್ಲಿ ಗರಗರ ಸದ್ದು ಶುರುವಾಯ್ತು. ಬೇರಿಂಗ್ ಬಿಚ್ಚಿದರೆ ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ನೀರಿನ ರಭಸ ಸೀಲ್ ದಾಟಿ ಒಳಗೆ ಹೋಗಿತ್ತು. ರೇಡಿಯೇಟರಿನ ತೆಳು ಪಟ್ಟಿಗಳೂ ಒಂದು ಕಡೆ ಮಡಚಿದ್ದವು. ಗನ್ ತೀರಾ ಹತ್ತಿರ ಹಿಡಿಯುತ್ತಿದ್ದೆ, ಅದೇ ತಪ್ಪು.

ಎರಡನೇ ವರ್ಷ ಕೊಡದ ನೀರು, ಬ್ರಷ್, ಒಂದು ಬಿದಿರಿನ ಚಕ್ಕೆ. ಮುಕ್ಕಾಲು ಗಂಟೆ ಹಿಡಿಯುತ್ತದೆ, ನಿಜ. ಆದರೂ ನನಗೆ ಇದೇ ಸರಿ ಅನ್ನಿಸಿತು. ಎರೆ ಮಣ್ಣನ್ನು ಹಸಿಯಿದ್ದಾಗ ಉಜ್ಜಿದರೆ ಇನ್ನೂ ಜಾಸ್ತಿ ಹರಡುತ್ತದೆ. ಒಣಗುವಾಗ ಕುಗ್ಗಿ ಬಿರುಕು ಬಿಡುವುದು ಅದರ ಗುಣ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುತ್ತದಲ್ವಾ, ಹಾಗೇ. ಅರ್ಧ ದಿನ ಬಿಟ್ಟು ಚಕ್ಕೆ ತೂರಿಸಿದರೆ ಹೆಂಟೆ ಹೆಂಟೆಯಾಗಿ ಕಳಚಿ ಬೀಳುತ್ತದೆ. ರೇಡಿಯೇಟರಿಗೆ ಮಾತ್ರ ತಡ ಮಾಡಬೇಡಿ. ಅಲ್ಲಿ ಮಣ್ಣು ಒಣಗಿ ಕೂತರೆ ಗಾಳಿ ಆಡದೆ ಎಂಜಿನ್ ಕಾಯುತ್ತದೆ. ಗಾಡಿ ತಣ್ಣಗಾದ ಮೇಲೆ ಪೈಪಿನಿಂದ ಮೆಲ್ಲಗೆ ನೀರು ಬಿಡಿ.

ಸ್ಪಂಜಿನ ಏರ್ ಫಿಲ್ಟರ್ ಪೆಟ್ರೋಲಿನಲ್ಲಿ ಬೇಗ ಸ್ವಚ್ಛವಾಗುತ್ತದೆ. ಆದರೆ ನಮ್ಮದರ ಅಂಟು ಬಿಟ್ಟಿತು. ಅಂಗಳದಲ್ಲಿ ಪೆಟ್ರೋಲ್ ತೆರೆದಿಡುವುದೂ ಅಪಾಯ. ಈಗ ಸೋಪಿನ ನೀರಲ್ಲಿ ತೊಳೆದು, ತಿರುಚದೆ ಒತ್ತಿ ನೀರು ತೆಗೆದು, ನೆರಳಲ್ಲಿ ಒಣಗಿಸಿ, ಫಿಲ್ಟರ್ ಎಣ್ಣೆ ಸವರುತ್ತೇನೆ.

ಓಡಿಸುವ ದಾರಿಯಲ್ಲೂ ಎರಡನ್ನೂ ನೋಡಿದ್ದೇನೆ. ಹಸಿ ಹೊಲದ ನಡುವೆ ಹಾಯಿಸಿದ ಕಡೆ ಗಾಲಿ ಜಾಡು ಒಣಗಿ ಕಲ್ಲಾಯ್ತು. ಹಿಂಗಾರಿ ಕಡಲೆ ಅಲ್ಲಿ ಸರಿಯಾಗಿ ಏಳಲೇ ಇಲ್ಲ. ಈಗ ಸುತ್ತಾದರೂ ಬಂಡಿ ದಾರಿಯಲ್ಲೇ ಹೋಗುತ್ತೇನೆ, ಹೆಲ್ಮೆಟ್ ಹಾಕಿಕೊಂಡು, ಒಬ್ಬನೇ. ಗಾಡಿ ಒಂದೇ ಸೀಟಿನದು. ಹಿಂದೆ ಭಾರ ಬಿದ್ದರೆ ದಿಬ್ಬ ಹತ್ತುವಾಗ ಮುಂದಿನ ಗಾಲಿ ಮೇಲೇಳುತ್ತದೆ. ತಂಗಿಯ ಮಗ "ಮಾಮಾ, ಹಿಂದೆ ಕೂರ್ತೀನಿ" ಅಂತ ಹಟ ಹಿಡಿಯುತ್ತಾನೆ. ವಾಪಸ್ ಬಂದ ಮೇಲೆ ಅವನ ಕೈಗೆ ಬಿದಿರಿನ ಚಕ್ಕೆ ಕೊಡುತ್ತೇನೆ. ದೊಡ್ಡ ಹೆಂಟೆ ಕಿತ್ತಾಗಲೆಲ್ಲ ಕರೆದು ತೋರಿಸುತ್ತಾನೆ.